ಗವಸಣಿಗೆಯ ಹೆಗಲು

ಮೂರನೆಯ ಏಟಿಗೆ ನಾನು ಅಲುಗಿದೆ.

"ಬಂತು! ಹಿಡಿ ರೇಣವ್ವಾ, ಬಿಡಬ್ಯಾಡ!" ಎಂದು ಬುಡನ್‌ಸಾಬರು ಕಾರಿನ ಹೊಟ್ಟೆಯ ಕೆಳಗಿನಿಂದ ಕೂಗಿದರು. ಅಂಗಾತ ಮಲಗಿದ್ದ ಅವರ ಬಿಳಿಯ ಗಡ್ಡದ ಮೇಲೆ ಎಂಟು ದಶಕಗಳ ಮಣ್ಣು ಸುರಿಯುತ್ತಿತ್ತು. ಸುತ್ತಿಗೆಯನ್ನು ಪಕ್ಕಕ್ಕಿಟ್ಟು, ನನ್ನ ಮುಂದಿನ ತುದಿಯನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡರು, ಎಳೆಗೂಸಿನ ತಲೆಗೆ ಕೈಕೊಡುವ ಹಾಗೆ. ಹಿಂದಿನ ತುದಿ ರೇಣವ್ವನ ಕೈಯಲ್ಲಿತ್ತು.

"ಬುಡನಣ್ಣಾ, ಹೆಣಭಾರ ಐತಲ್ರೀ ಇದು!"

"ಭಾರ ಅಷ್ಟ. ಇದು ಬರೇ ಗವಸಣಿಗಿ, ತಂಗಿ. ಜೀವ ಎಲ್ಲಾ ಒಳಗೈತಿ."

ಬದುಕಿಡೀ ನಾನೂ ಹಾಗೆಯೇ ನಂಬಿದ್ದೆ.

ನಾನು ಒಂದು ಕೊಳವೆ. ಹಳೆಯ ಕಾರೊಂದರ ಹೊಟ್ಟೆಯ ಕೆಳಗೆ, ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿನವರೆಗೆ ಚಾಚಿಕೊಂಡಿದ್ದ ಐದಡಿ ಉದ್ದದ ಉಕ್ಕಿನ ಕೊಳವೆ. ನನ್ನೊಳಗೆ ಒಂದು ಸರಳು ತಿರುಗುತ್ತಿತ್ತು. ಎಂಜಿನ್ನಿನ ಕಸುವನ್ನು ಹಿಂದಿನ ಗಾಲಿಗಳಿಗೆ ಒಯ್ಯುವವನು ಅವನು. ಎಲ್ಲರೂ ಅವನನ್ನು ಶಾಫ್ಟು ಎನ್ನುತ್ತಿದ್ದರು. ನಾನು ಅವನನ್ನು ಒಳಗಿನವನು ಎನ್ನುತ್ತಿದ್ದೆ. ನನಗೆ ಇಲ್ಲಿಯ ಮೇಸ್ತ್ರಿಗಳು ಕೊಟ್ಟ ಹೆಸರು ಗವಸಣಿಗೆ. ತಂಬೂರಿಗೆ ಬಟ್ಟೆಯ ಗವಸಣಿಗೆ ಇರುವುದಿಲ್ಲವೇ, ಹಾಗೆ.

ನನ್ನ ಮೊದಲ ನೆನಪು ಬೆಳಕು. ಕಡಲಾಚೆಯ ಒಂದು ಕುಲುಮೆಯಲ್ಲಿ ನಾನು ಸೂರ್ಯನ ತುಂಡಿನಂತೆ ಉರಿಯುತ್ತಿದ್ದೆ. ಆಗ ನನಗೆ ಒಳಗು ಎಂಬುದಿರಲಿಲ್ಲ, ಪೂರ್ತಿ ಗಟ್ಟಿಯಾಗಿದ್ದೆ. ಎರಡು ಉರುಳೆಗಳು ನನ್ನನ್ನು ಗರಗರ ತಿರುಗಿಸಿದವು. ಒಂದು ಚೂಪಾದ ಮೂಗು ನನ್ನ ನಡುವಿನಿಂದ ತೂರಿಕೊಂಡು ಆ ಕಡೆಗೆ ಹೋಯಿತು. ಅದು ಹೋದ ದಾರಿ ಖಾಲಿಯಾಗಿ ಉಳಿಯಿತು. ಆ ಖಾಲಿಯ ಸುತ್ತ ಉಳಿದದ್ದೇ ನಾನು. ಎಷ್ಟೋ ವರ್ಷ ಇದನ್ನು ಯೋಚಿಸಿದ್ದೇನೆ: ಅವರಿಗೆ ಬೇಕಾಗಿದ್ದುದು ಆ ಖಾಲಿಯೇ ಇರಬೇಕು, ಅದು ಚೆಲ್ಲಿಹೋಗದಂತೆ ಹಿಡಿದಿಡಲು ನಾನು ಬೇಕಾದೆ.

ಆಮೇಲೆ ನನ್ನ ಮುಂದಿನ ತುದಿಗೆ ತೆಂಗಿನ ಚಿಪ್ಪಿನಷ್ಟು ದೊಡ್ಡದಾದ ಗುಂಡನೆಯ ತಲೆಯನ್ನು ಕೂರಿಸಿದರು. ಗೇರುಪೆಟ್ಟಿಗೆಯ ಹಿಂಬದಿಯಲ್ಲಿರುವ ಬಟ್ಟಲಿನಲ್ಲಿ ಆ ತಲೆ ಕೂರುತ್ತದೆ, ಸೊಂಟದ ಕೀಲಿನಂತೆ. ರಸ್ತೆ ಏರಿಳಿದಂತೆ ನಾನು ಆ ಕೀಲಿನಲ್ಲಿ ತೊನೆಯಬೇಕು. ಒಳಗಿನವನನ್ನು ನನ್ನೊಳಗೆ ತೂರಿಸಿ, ಎಣ್ಣೆ ಹಾಕಿ, ಎರಡೂ ಕಡೆ ಬಿಗಿದರು. ಬೆಳಕು ಹೋಯಿತು. ನನ್ನ ಹೊರಮೈಗೆ ಜಗತ್ತು, ಒಳಮೈಗೆ ಕತ್ತಲು. ಆ ಕತ್ತಲಲ್ಲಿ ಮೊದಲ ಸಲ ಅವನು ತಿರುಗಿದಾಗ ನನ್ನ ಮೈಯುದ್ದಕ್ಕೂ ಒಂದು ನಡುಕ ಹರಿಯಿತು. ಅದು ಮುಂದೆ ಎಂದೂ ಹಳತಾಗಲಿಲ್ಲ.

ಹಡಗಿನಿಂದ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಗದಗಿಗೆ ಬಂದೆ. ಹತ್ತಿಯ ಬೀಜ ಬಿಡಿಸುವ ಜಿನ್ನು ಕಾರ್ಖಾನೆಯ ಮಾಲೀಕರಾದ ಅಂದಾನೆಪ್ಪನವರು ನನ್ನ ಮೊದಲ ಯಜಮಾನರು. ನಾನು ಮನುಷ್ಯರನ್ನು ಪಾದಗಳಿಂದ ಗುರುತಿಸುತ್ತೇನೆ. ನನ್ನ ಜಾಗದಿಂದ ಕಾಣುವುದು ಅಷ್ಟೇ. ಅಂದಾನೆಪ್ಪನವರವು ಕಿರುಗುಟ್ಟುವ ಚರ್ಮದ ಮೆಟ್ಟುಗಳು. ಅವರು ಬರುವುದಕ್ಕೆ ಮೊದಲೇ ಅವುಗಳ ಸದ್ದು ಬರುತ್ತಿತ್ತು, ಅದಕ್ಕೂ ಮೊದಲೇ ಆಳುಗಳ ಬರಿಗಾಲುಗಳು ಪಕ್ಕಕ್ಕೆ ಸರಿಯುತ್ತಿದ್ದವು. ಜಿನ್ನಿನ ಅಂಗಳದಲ್ಲಿ ಗಾಳಿಯ ತುಂಬ ಅರಳೆ. ನನ್ನ ಎಣ್ಣೆಮೈಗೆ ಅದು ಅಂಟಿ, ಅದರ ಮೇಲೆ ಎರೆಮಣ್ಣು ಮೆತ್ತಿ, ವರ್ಷದೊಳಗೆ ನನಗೊಂದು ದಪ್ಪ ಅಂಗಿಯಾಯಿತು. ಗವಸಣಿಗೆಗೇ ಗವಸಣಿಗೆ.

ಹತ್ತಿಯ ಬೆಲೆ ಬಿದ್ದುಹೋದ ವರ್ಷ ಅಂದಾನೆಪ್ಪನವರು ಕಾರನ್ನು ಡಾಕ್ಟರ್‌ಬಾಯಿಗೆ ಮಾರಿದರು. ಎಸ್ತೇರಮ್ಮ ಎಂದು ಅವರ ಹೆಸರು. ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವರವು ಬಿಳಿಯ ಕ್ಯಾನ್ವಾಸ್ ಬೂಟುಗಳು. ಅವರ ಡ್ರೈವರ್ ಫಕೀರಪ್ಪನವು ಬರಿಗಾಲು, ಹಿಮ್ಮಡಿಯ ಬಿರುಕಿನಲ್ಲಿ ಒಂದು ಕಡ್ಡಿ ನಿಲ್ಲುವಂಥವು. ಈ ಎರಡು ಜೊತೆ ಪಾದಗಳು ಹದಿನೆಂಟು ವರ್ಷ ಮುಳಗುಂದ, ಲಕ್ಕುಂಡಿ, ಡಂಬಳ ಎಂದು ಹೆರಿಗೆಗಳ ಹಿಂದೆ ಓಡಿದವು. ಎಷ್ಟೋ ಮನೆಗಳ ಮುಂದೆ ನಿಂತು ನಾನು ಒಳಗಿನ ಕೂಗನ್ನು ಕೇಳಿದ್ದೇನೆ. ಮೊದಲು ದೊಡ್ಡ ಕೂಗು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಸಣ್ಣ ಕೂಗು. ಆ ನಡುವಿನ ಗಳಿಗೆಯಲ್ಲಿ ಫಕೀರಪ್ಪನ ಪಾದಗಳು ನೆಲಕ್ಕೆ ಬೇರುಬಿಟ್ಟಂತೆ ನಿಂತಿರುತ್ತಿದ್ದವು.

ಒಂದು ಮಧ್ಯಾಹ್ನ ಕಾರಿನಲ್ಲಿ ಮಲಗಿದ್ದವಳು ಅವನ ಹೆಂಡತಿಯೇ. ಮುಳಗುಂದದ ದಾರಿಯಲ್ಲಿ, ಹಳ್ಳದ ದಂಡೆಯ ಮೇಲೆ, "ಸಾಕು, ಇಲ್ಲೇ ನಿಲ್ಲಿಸು" ಎಂದರು ಡಾಕ್ಟರ್‌ಬಾಯಿ. ಗಾಲಿಗಳು ನಿಂತವು. ನನ್ನಿಂದ ಎರಡಡಿ ಮೇಲೆ, ಹಲಗೆಯ ಆಚೆ, ಒಂದು ಜೀವ ಹೊರಬರುತ್ತಿತ್ತು. ಹಲಗೆಯ ಸಂದಿನಿಂದ ಬೆಚ್ಚನೆಯ ನೀರು ಸೋರಿ ನನ್ನ ಬೆನ್ನ ಮೇಲೆ ಬಿತ್ತು. ಆಮೇಲೆ ಸಣ್ಣ ಕೂಗು ಕೇಳಿತು. ಕುಲುಮೆಯಿಂದ ಬಂದ ನನಗೆ ಹುಟ್ಟು ಎಂದರೆ ಬೆಂಕಿ ಎಂದಷ್ಟೇ ಗೊತ್ತಿತ್ತು. ನೀರಿನಿಂದಲೂ ಹುಟ್ಟಬಹುದೆಂದು ಅಂದು ತಿಳಿಯಿತು.

ಹಾಗೆ ಹುಟ್ಟಿದವಳು ರೇಣವ್ವ.

ಡಾಕ್ಟರ್‌ಬಾಯಿ ಊರು ಬಿಟ್ಟು ಹೋಗುವಾಗ ಕಾರನ್ನು ಫಕೀರಪ್ಪನಿಗೇ ಕೊಟ್ಟರು. ಅಷ್ಟು ಹೊತ್ತಿಗೆ ಹಳ್ಳಿಗಳಿಗೆ ಬಸ್ಸು ಬಂದಿತ್ತು, ಆಸ್ಪತ್ರೆಗೆ ಜೀಪು ಬಂದಿತ್ತು. ಫಕೀರಪ್ಪ ಕಾರಿಗೆ ಹೊಸ ಬಣ್ಣ ಹಚ್ಚಿಸಿ ಮದುವೆಯ ಗಾಡಿ ಮಾಡಿದ. ಬೆಟಗೇರಿಯ ನೇಕಾರರ ಓಣಿಗಳಲ್ಲಿ ಒಂದು ರೂಢಿಯೇ ಆಯಿತು: ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವುದು ಫಕೀರಪ್ಪನ ಕಾರಿನಲ್ಲಿ. ಹತ್ತುವ ಮೊದಲು ಗಾಲಿಯ ಹತ್ತಿರ ಕಾಯಿ ಒಡೆಯುತ್ತಿದ್ದರು. ಕಾಯಿಯ ನೀರು ಹರಿದು ಬಂದು ನನ್ನ ಕೆಳಗಿನ ಮಣ್ಣನ್ನು ತೋಯಿಸುತ್ತಿತ್ತು. ಅರಿಸಿನ ಹಚ್ಚಿದ ಪಾದಗಳು ಒಂದು ಕ್ಷಣ ನೆಲದ ಮೇಲೆ ತಡೆದು, ಆಮೇಲೆ ಮೇಲೆ ಹೋಗುತ್ತಿದ್ದವು. ಆ ತಡೆಯುವಿಕೆಯನ್ನು ನೋಡಿದವನು ನಾನೊಬ್ಬನೇ. ಮೇಲಿನವರೆಲ್ಲ ಮುಖ ನೋಡುತ್ತಿದ್ದರು.

ರೇಣವ್ವನ ಪಾದಗಳೂ ಒಂದು ದಿನ ಹಾಗೆಯೇ ಹೋದವು. ಮೂರನೆಯ ವರ್ಷ ಬೆರಳುಗಳಲ್ಲಿ ಕಾಲುಂಗುರವಿಲ್ಲದೆ ಮರಳಿ ಬಂದವು. ಯಾಕೆಂದು ಪಾದಗಳು ಹೇಳುವುದಿಲ್ಲ. ಮರುದಿನ ಅವು ಡ್ರೈವರನ ಬಾಗಿಲಿನ ಕಡೆಯಿಂದ ಹತ್ತಿದವು. ಅಪ್ಪ ಪಕ್ಕದಲ್ಲಿ ಕೂತು ಕಲಿಸಿದ. ಅಪ್ಪ ಹೋದ ಮೇಲೆ ಅವಳೇ ಓಡಿಸಿದಳು. ಹೆಣ್ಣುಮಗಳು ಗಾಡಿ ಹೊಡೆಯುತ್ತಾಳೆಂದು ಗಂಡಸರು ಹಲ್ಲು ಕಿಸಿದರು. ಮದುಮಕ್ಕಳ ತಾಯಂದಿರು ಮಾತ್ರ ಅವಳನ್ನೇ ಕೇಳಿಕೊಂಡು ಬಂದರು. ಮಗಳು ದಾರಿಯುದ್ದಕ್ಕೂ ಅಳಬೇಕೆಂದರೆ ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸಿರುವುದು ಒಳ್ಳೆಯದು ಎಂದು ಅವರಿಗೆ ಗೊತ್ತಿತ್ತು.

ಮೂವತ್ತು ವರ್ಷ ಹೀಗೆ ನಡೆಯಿತು. ಒಂದು ವೈಶಾಖದಲ್ಲಿ, ಲಕ್ಕುಂಡಿಯ ಹತ್ತಿರ, ಹಿಂದಿನ ಅಚ್ಚಿನೊಳಗೆ ಗೇರಿನ ಹಲ್ಲುಗಳು ಮುರಿದವು. ಒಳಗಿನವನು ತಿರುಗಿದ, ತಿರುಗಿದ. ಗಾಲಿಗಳು ತಿರುಗಲಿಲ್ಲ. ಹೆಣ್ಣನ್ನು ಎದುರುಗೊಳ್ಳಲು ಬಂದಿದ್ದ ಮದುಮಗ ಬಾಸಿಂಗ ಕಟ್ಟಿಕೊಂಡೇ ಗೆಳೆಯರ ಜೊತೆ ಸೇರಿ ಕಾರನ್ನು ಮನೆಯ ಬಾಗಿಲವರೆಗೆ ನೂಕಿದ. "ಈಗಿಂದನ ನೂಕೂದು ಕಲ್ಕೋ ತಮ್ಮಾ, ಮುಂದ ಅನುಕೂಲ ಆಗ್ತೈತಿ," ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ರೇಣವ್ವನ ಪಾದಗಳು ನಗಲಿಲ್ಲ.

ಅಂಥ ಹಲ್ಲುಗಳು ಈಗ ಈ ದೇಶದಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಸುದ್ದಿ ಹೇಗೋ ಬೆಳಗಾವಿಗೆ ಹೋಯಿತು. ಮುಕುಂದ ಗಲಗಲಿ ಎಂಬ ಸಾಹುಕಾರರು ಬಂದರು. ಅವರ ಬೂಟುಗಳಿಗೆ ನೆಲದ ಪರಿಚಯವೇ ಇದ್ದಂತಿರಲಿಲ್ಲ. ಅವರ ಬಳಿ ಹನ್ನೊಂದು ಹಳೆಯ ಕಾರುಗಳಿದ್ದವು. ಗಾಜಿನ ಗೋಡೆಯ ಹಾಲ್‌ನಲ್ಲಿ, ಟೈರುಗಳು ಸವೆಯದಂತೆ, ಎಲ್ಲವನ್ನೂ ಕುದುರೆ ಎಂಬ ಕಬ್ಬಿಣದ ಆಸರೆಗಳ ಮೇಲೆ ಎತ್ತಿ ನಿಲ್ಲಿಸಿದ್ದರಂತೆ.

"ಅಕ್ಕಾರ, ನಿಮ್ಮ ಗಾಡಿ ಅಸಲ್ ಐತ್ರಿ. ಒಂದು ಬೋಲ್ಟೂ ಬದಲಾಗಿಲ್ಲ. ನಮ್ಮಲ್ಲಿ ಕೊಟ್ಟುಬಿಡ್ರಿ. ನೂರು ವರ್ಷ ಹಿಂಗ ಇರ್ತೈತಿ."

"ಓಡ್ತೈತೇನ್ರಿ ಅಲ್ಲಿ?"

"ಓಡೂ ಗರಜ ಏನೈತ್ರಿ ಅಲ್ಲಿ?"

ರೇಣವ್ವ ಕಾರಿನ ಸುತ್ತ ಒಂದು ಸುತ್ತು ಬಂದಳು. ಕೊನೆಗೆ ಒಂದು ಮಾತು ಕೊಟ್ಟಳು. ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ. ಶ್ರಾವಣದ ಮೊದಲ ಸೋಮವಾರದೊಳಗೆ ಕಾರು ತನ್ನ ಕಾಲ ಮೇಲೆ ನಡೆಯದಿದ್ದರೆ ಸಾಹುಕಾರರು ಒಯ್ಯಬಹುದು. ಕೊಟ್ಟ ಮಾತನ್ನು ಅವಳು ತಿರುಗಿಸುವವಳಲ್ಲ. ಅದು ಸಾಹುಕಾರರಿಗೂ ತಿಳಿದಂತಿತ್ತು; ಅವರ ಬೂಟುಗಳು ಸಮಾಧಾನದಿಂದ ಹೊರಟುಹೋದವು.

ಅವಳು ನೇರವಾಗಿ ಬುಡನ್‌ಸಾಬ ನದಾಫರ ಗ್ಯಾರೇಜಿಗೆ ಹೋದಳು. ಬುಡನ್‌ಸಾಬರು ನಲವತ್ತೈದು ವರ್ಷದಿಂದ ಅಂಬಾಸಿಡರ್ ಬಿಚ್ಚಿ ಕಟ್ಟಿದವರು. ಕಾರಿನ ಕೆಳಗೆ ತೂರಿ, ಬೀಡಿಯೊಂದು ಮುಗಿಯುವಷ್ಟು ಹೊತ್ತು ನೋಡಿ ಹೊರಬಂದರು.

"ಇಷ್ಟಕ್ಕ ಯಾಕ ಚಿಂತಿ? ಹಳೇ ಅಚ್ಚು ತಗದ ಒಗ್ಯೂದು. ಅಂಬಾಸಿಡರಿಂದು ಕೂರ್ಸೂದು. ಅದರ ಶಾಫ್ಟ್ ಬರಿಮೈಲೇ ತಿರಗತೈತಿ, ಗವಸಣಿಗಿ ಗಿವಸಣಿಗಿ ಏನೂ ಇಲ್ಲ. ಎಷ್ಟ ಅಂಬಾಸಿಡರ್ ಓಡ್ಯಾವ ಈ ಊರಾಗ! ಒಂದಾದ್ರೂ ಗವಸಣಿಗಿ ಬೇಡೈತೇನು?"

ಹಾಗೆ ಆ ಸುತ್ತಿಗೆ ಏಟು ಬಿತ್ತು, ಮತ್ತು ನಾನು ಹೊರಬಂದೆ.

ಬೇವಿನ ಮರದ ಕೆಳಗೆ ನನ್ನನ್ನು ಇಳಿಸಿ ಒಳಗಿನವನನ್ನು ಎಳೆದರು. ಅವನು ನಿಧಾನವಾಗಿ, ಮೊಳ ಮೊಳವಾಗಿ, ಬಿಸಿಲಿಗೆ ಬಂದ. ಎಂಬತ್ತು ವರ್ಷ ಅಪ್ಪಿಕೊಂಡಿದ್ದವನ ಮುಖವನ್ನು ಅಂದು ಮೊದಲ ಸಲ ನೋಡಿದೆ. ಅವನು ಕನ್ನಡಿಯಂತೆ ಹೊಳೆಯುತ್ತಿದ್ದ. ಮೈಮೇಲೆ ಒಂದು ಚುಕ್ಕೆ ತುಕ್ಕಿಲ್ಲ. ಬೇವಿನ ಎಲೆಗಳೂ ಆಕಾಶವೂ ಬುಡನ್‌ಸಾಬರ ಬೆರಗಾದ ಮುಖವೂ ಅವನ ಮೈಮೇಲೆ ಉದ್ದುದ್ದವಾಗಿ ಕಾಣುತ್ತಿದ್ದವು.

"ಯಾ ಅಲ್ಲಾ," ಎಂದರು ಬುಡನ್‌ಸಾಬರು. "ಮದಿಮಗನ್ನ ಇಟ್ಟಂಗ ಇಟ್ಟೈತಲ್ಲ."

ನನಗೆ ಬೇಸರವಾಗಲಿಲ್ಲ. ಇಂಥವನನ್ನು ಕಾದೆನಲ್ಲ, ಇಷ್ಟು ಸಾಕು ಎನಿಸಿತು. ಕತ್ತಿ ಹೊರಬಂದ ಮೇಲೆ ಒರೆಯ ಕೆಲಸ ಮುಗಿಯಿತು. ನನ್ನೊಳಗೆ ಈಗ ಗಾಳಿ ಈ ಕಡೆಯಿಂದ ಬಂದು ಆ ಕಡೆಗೆ ಹೋಗುತ್ತಿತ್ತು. ಒಂದು ಇರುವೆ ಒಳಗೆ ನಡೆದುಹೋಗಿ, ಏನನ್ನೋ ಯೋಚಿಸಿ, ಮರಳಿ ಬಂತು.

ಹದಿನಾಲ್ಕು ದಿನ ಕೆಲಸ ನಡೆಯಿತು. ಅಂಬಾಸಿಡರಿನ ಅಚ್ಚನ್ನು ತಂದರು. ನಮ್ಮ ಕಾರಿನ ಹಿಂಭಾಗದಲ್ಲಿ ಇರುವುದು ಒಂದೇ ಸ್ಪ್ರಿಂಗ್ ಪಟ್ಟಿ. ಅದು ಅಚ್ಚಿನ ಮೇಲೆ ಅಡ್ಡಲಾಗಿ, ಬಿಲ್ಲಿನಂತೆ ಬಾಗಿ ಕೂತಿದೆ. ಎರಡೂ ತುದಿಗೆ ಜೋಕಾಲಿಯಂತೆ ತೂಗುವ ಕೊಂಡಿಗಳು. ಆ ಕೊಂಡಿಗಳಿಗೆ ಹೊಸ ಅಚ್ಚನ್ನು ತೂಗುಹಾಕಿದರು. ಮುಂದೆ ಗೇರುಪೆಟ್ಟಿಗೆಗೆ ಹೊಸ ಕೀಲು, ಹಿಂದೆ ಇನ್ನೊಂದು ಕೀಲು, ನಡುವೆ ಬರಿಮೈಯ ಶಾಫ್ಟು. ಬುಡನ್‌ಸಾಬರು ಕೈಯಿಂದ ತಿರುಗಿಸಿದರು. ಗಾಲಿಗಳು ತಿರುಗಿದವು. ಗ್ಯಾರೇಜಿನಲ್ಲಿ ಚಹಾ ಹಂಚಿದರು.

ಕಾರು ಓಡಿಸಿ ನೋಡುವ ದಿನ ಬೆಳಿಗ್ಗೆ ಅರ್ಧ ಓಣಿ ಬಂದು ಸೇರಿತು. ರೇಣವ್ವ ಸ್ಟಿಯರಿಂಗಿಗೆ ಕೈಮುಗಿದು ಎಂಜಿನ್ ಚಾಲೂ ಮಾಡಿದಳು. ಕ್ಲಚ್ಚು ಬಿಟ್ಟಳು.

ಆಗ ನಡೆದದ್ದನ್ನು ಮರದ ಕೆಳಗಿನಿಂದ ನಾನು ಪೂರ್ತಿಯಾಗಿ ನೋಡಿದೆ. ಹಿಂದಿನ ಗಾಲಿಗಳು ಮುಂದೆ ಹೊರಟವು. ಕಾರು ಹೊರಡಲಿಲ್ಲ. ಕೊಂಡಿಗಳು ಜೀಕಿದವು, ಅಚ್ಚು ಕಾರಿನ ಕೆಳಗೇ ಒಂದು ಗೇಣು ಮುಂದೆ ನುಗ್ಗಿತು, ಟೈರು ಮಡ್‌ಗಾರ್ಡಿಗೆ ಬಡಿಯಿತು, ಅಚ್ಚಿನ ಮೂಗು ಮೇಲೆದ್ದು ಹೊಸ ಶಾಫ್ಟು ಹಲಗೆಗೆ ಗುದ್ದಿತು. ಎಂಜಿನ್ ಕೆಮ್ಮಿ ನಿಂತುಹೋಯಿತು.

"ಸಾಬರ! ಗಾಡಿ ಮುಂದ ಹೋಗ್ಲಿ ಅಂದ್ರ ಬರೇ ಗಾಲಿ ಅಷ್ಟ ಹೊಂಟಾವಲ್ರಿ!" ಎಂದು ಗುಂಪಿನಲ್ಲಿ ಒಬ್ಬ ಕೂಗಿದ.

"ಗಾಲಿಗೆ ಅವಸರ ಐತೆಪಾ. ಗಾಡಿ ಹಿಂದಿಂದ ಬರ್ತೈತಿ ಬಿಡು," ಎಂದ ಇನ್ನೊಬ್ಬ.

ಓಣಿ ನಕ್ಕಿತು. ಬುಡನ್‌ಸಾಬರ ಪಾದಗಳು ಕದಲಲಿಲ್ಲ. ಮರುದಿನ ಅವರು ಅಚ್ಚನ್ನು ಸರಪಳಿಯಿಂದ ಬಿಗಿದರು. ಸರಪಳಿ ಹರಿಯಿತು. ಅದರ ಮರುದಿನ ಏನೂ ಮಾಡದೆ ಟೈರಿನ ಮೇಲೆ ಕೂತಿದ್ದರು. ಸೋಮವಾರಕ್ಕೆ ಹನ್ನೆರಡು ದಿನ ಉಳಿದಿತ್ತು. ರೇಣವ್ವ ಬಂದು ಕಾರಿನ ಗಾಜುಗಳನ್ನು ಒರೆಸಿ ಹೋದಳು. ಕಳಿಸುವ ಮೊದಲು ಒರೆಸುವ ಹಾಗೆ ಒರೆಸಿದಳು.

ಆ ಮಧ್ಯಾಹ್ನ ಮೋನಪ್ಪ ಬಡಿಗೇರ ಬಂದ. ಅವನು ಚಕ್ಕಡಿ ಮಾಡುವವನು. ಈಗ ಚಕ್ಕಡಿ ಕೇಳುವವರು ಕಡಿಮೆ. ವರ್ಷಕ್ಕೆ ಒಂದೋ ಎರಡೋ. ಒಂದು ಕಬ್ಬಿಣದ ಪಟ್ಟಿಗೆ ವೆಲ್ಡಿಂಗ್ ಹಾಕಿಸಲು ಬಂದವನು, ಬುಡನ್‌ಸಾಬರ ಬಾಲ್ಯದ ಗೆಳೆಯ. ಕೂರಲು ಬೇರೆ ಜಾಗವಿಲ್ಲದೆ ನನ್ನ ಮೇಲೆಯೇ ಕೂತ. ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿದ. ಆಮೇಲೆ ಎದ್ದು, ಪಂಜೆ ಎತ್ತಿ ಕಟ್ಟಿ, ಕಾರಿನ ಕೆಳಗೆ ಬಗ್ಗಿ ನೋಡಿದ.

"ಬುಡನ್ಯಾ, ಇದರ ಮೂಕಿ ಎಲ್ಲೈತಲೇ?"

"ಯಾವ ಮೂಕಿ? ಇದೇನ್ ಚಕ್ಕಡಿ ಏನು?"

"ಆತಪಾ, ನಿಂದು ಕಾರು, ದೊಡ್ಡದು. ನನ್ನ ಚಕ್ಕಡ್ಯಾಗ ಎತ್ತು ಮುಂದ ಇರ್ತಾವ, ಅಚ್ಚು ಹಿಂದ ಇರ್ತೈತಿ. ನಡುವ ಜೋಡ್ಸೋ ಮರ, ಮೂಕಿ, ಇಲ್ಲಂದ್ರ ಎತ್ತು ಅಷ್ಟ ಮನಿಗಿ ಹೋಗ್ತಾವ. ನಿಂದರಾಗ ಎತ್ತು ಹಿಂದ ಅದಾವ, ಗಾಲ್ಯಾಗ. ಅವು ನೂಕಬೇಕು. ಏನ್ ಹಿಡಕೊಂಡು ನೂಕಬೇಕು?"

ಬುಡನ್‌ಸಾಬರು ತಾವೂ ಬಗ್ಗಿ ನೋಡಿದರು. ಮೋನಪ್ಪ ತಿರುಗಿ ನನ್ನ ಬಳಿ ಬಂದ. ನನ್ನ ಮುಂದಿನ ತಲೆಯನ್ನು ಪಂಜೆಯ ತುದಿಯಿಂದ ಒರೆಸಿದ. ಎಂಬತ್ತು ವರ್ಷ ಬಟ್ಟಲಿಗೆ ಒತ್ತಿ ಒತ್ತಿ ಅದು ಒಂದು ಕಡೆ ಬೆಳ್ಳಿಯಂತೆ ಸವೆದಿತ್ತು.

"ಗವಸಣಿಗಿ ಅಂತಿ. ಗವಸಣಿಗಿ ಒತ್ತಿ ಯಾಕ ಸವೀತೈತಿ? ಇಲ್ಲಿ ಮುಟ್ಟಿ ನೋಡು. ಹತ್ತು ವರ್ಷ ನೊಗ ಹೊತ್ತ ಎತ್ತಿನ ಹೆಗಲು ಇದು."

ಬುಡನ್‌ಸಾಬರು ಮುಟ್ಟಿದರು. ಅವರ ಬೆರಳು ನನ್ನ ಸವೆದ ಜಾಗದ ಮೇಲೆ ನಿಂತಿತು. "ಮತ್ತ ಅಂಬಾಸಿಡರಿಗೆ..." ಎಂದು ಶುರುಮಾಡಿ ತಡೆದರು. "ಅದಕ್ಕ ಸ್ಪ್ರಿಂಗ್ ಪಟ್ಟಿ ಎರಡು. ಎರಡೂ ಉದ್ದಕ್ಕ ಇರ್ತಾವ. ಮುಂದಿನ ತುದಿ ಗಟ್ಟಿ ಹಿಡದಿರ್ತಾವ. ಪಟ್ಟೀನ ನೂಕ್ತಾವ!" ಅಂಗೈಯಿಂದ ಹಣೆಗೆ ಬಡಿದುಕೊಂಡರು. "ನಲವತ್ತೈದು ವರ್ಷ ಮೋನ್ಯಾ! ನಲವತ್ತೈದು ವರ್ಷ ಅದನ್ನ ಬಿಚ್ಚೀನಿ!"

ಅವರ ಬೆರಗು ದೊಡ್ಡದು. ನನ್ನದು ಅದಕ್ಕಿಂತ ದೊಡ್ಡದಾಗಿತ್ತು. ಗಾಲಿ ನೆಲವನ್ನು ಒದೆಯುತ್ತದೆ. ಆ ಒದೆತ ಅಚ್ಚಿಗೆ ಬರುತ್ತದೆ. ಅಚ್ಚು ಅದನ್ನು ನನಗೆ ಕೊಡುತ್ತದೆ. ನಾನು ಗೇರುಪೆಟ್ಟಿಗೆಯ ಬೆನ್ನಿಗೆ ಹೆಗಲುಕೊಟ್ಟು ಇಡೀ ಕಾರನ್ನು ನೂಕುತ್ತೇನೆ. ಅಂದಾನೆಪ್ಪನವರನ್ನು, ಡಾಕ್ಟರ್‌ಬಾಯಿಯ ಚೀಲವನ್ನು, ಹಳ್ಳದ ದಂಡೆಯವರೆಗೆ ಒಬ್ಬ ಬಸುರಿಯನ್ನು, ಅಲ್ಲಿಂದ ಮುಂದೆ ಇಬ್ಬರನ್ನು, ಅಳುವ ಸಾವಿರ ಮದುಮಕ್ಕಳನ್ನು ನೂಕಿದವನು ನಾನು. ಒಳಗಿನವನು ತಿರುಗಿದ, ನಿಜ. ನೂಕಿದವನು ಮಾತ್ರ ನಾನು. ಮಾಡುವಾಗ ತಿಳಿಯಲಿಲ್ಲ. ನಾನಿಲ್ಲದ ಕಾರು ನಿಂತಲ್ಲೇ ಒದ್ದಾಡಿದ್ದನ್ನು ನೋಡಿದ ಮೇಲೆ ತಿಳಿಯಿತು.

ಮೋನಪ್ಪ ಕಡ್ಡಿಯಿಂದ ಮಣ್ಣಿನಲ್ಲಿ ಚಕ್ಕಡಿಯ ಚಿತ್ರ ಬರೆದ. ಎರಡು ಉದ್ದನೆಯ ಮರಗಳು ಅಚ್ಚಿನ ಬಳಿ ಅಗಲವಾಗಿ ಹೊರಟು, ಮುಂದೆ ನೊಗದ ಹತ್ತಿರ ಕೂಡುತ್ತವೆ. ಕಾರಿಗೂ ಹಾಗೆಯೇ ಎರಡು ತೋಳು. ಹಿಂದೆ ಅಚ್ಚಿಗೆ ಅಲುಗದಂತೆ ಬಿಗಿದರೆ ಅದರ ಮೂಗು ಮೇಲೇಳುವುದಿಲ್ಲ. ಮುಂದೆ ಚಾಸಿಯ, ಅಂದರೆ ಕಾರಿನ ಅಡಿಚೌಕಟ್ಟಿನ, ನಡುವಿಗೆ ರಬ್ಬರ್ ಕೊಟ್ಟು ಹಿಡಿದರೆ ಏರಿಳಿತಕ್ಕೆ ಅಡ್ಡಿಯಿಲ್ಲ. ನಡುವಿನ ಖಾಲಿಯಲ್ಲಿ ಹೊಸ ಶಾಫ್ಟು ಬರಿಮೈಯಲ್ಲೇ ತಿರುಗಿಕೊಂಡಿರಲಿ.

ತೋಳಿಗೆ ಪೈಪು ಬೇಕು. ಗುಜರಿಯಿಂದ ತಂದ ಪೈಪುಗಳನ್ನು ಬುಡನ್‌ಸಾಬರು ಕಲ್ಲಿನ ಮೇಲಿಟ್ಟು ಹೊಡೆದರು. ಒಂದು ಬಾಗಿತು, ಒಂದು ಸೀಳಿತು. ಆಮೇಲೆ ಅವರು ನನ್ನ ಮೈಮೇಲೆ ಗೆಣ್ಣಿನಿಂದ ತಟ್ಟಿದರು. ನಾನು ಗಂಟೆಯಂತೆ ಮೊಳಗಿದೆ.

ರೇಣವ್ವನನ್ನು ಕರೆಸಿದರು.

"ತಂಗಿ, ಈ ಊರಾಗ ಇಂಥಾ ಉಕ್ಕು ಇದೊಂದ ಐತಿ. ಎರಡು ತುಂಡು ಮಾಡಬೇಕು. ಮಾಡಿದ್ರ ಮತ್ತ ಜೋಡ್ಸಾಕ ಬರೂದಿಲ್ಲ. ಗಾಡಿ ಅಸಲ್ ಉಳಿಯೂದಿಲ್ಲ. ಓಡಲಿಲ್ಲಂದ್ರ, ಆ ಸಾವ್ಕಾರನೂ ಮೂಸಿ ನೋಡೂದಿಲ್ಲ. ಗುಜರಿಗೇ ಹೋಗೂದು. ನೀ ಹೂಂ ಅಂದ್ರ ಗರಗಸ ಹಚ್ತೀನಿ."

ರೇಣವ್ವ ನನ್ನ ಮುಂದೆ ಕೂತಳು. ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು. ಅವಳ ಹುಟ್ಟಿನ ನೀರು ಬಿದ್ದಿದ್ದು ಅಲ್ಲಿಯೇ; ಅವಳಿಗೆ ಅದು ಗೊತ್ತಿರಲಾರದು. ಅಂಗೈ ಬೆಚ್ಚಗಿತ್ತು.

"ಓಡ್ತೈತೇನ್ರಿ ಬುಡನಣ್ಣಾ?"

"ಹೋದ ಸಲ ಓಡ್ತೈತಿ ಅಂದಿದ್ದೆ. ಈ ಸಲ ಏನೂ ಅನ್ನೂದಿಲ್ಲ."

ಅವಳು ಸ್ವಲ್ಪ ನಕ್ಕಳು. "ಹಂಗಾರ ಕೊಯ್ರಿ."

ಗರಗಸ ಅರ್ಧ ದಿನ ಓಡಿತು. ನೋವೆಂದರೆ ಏನೆಂದು ನನಗೆ ತಿಳಿಯದು. ಮೈಯ ನಡುವಿನಿಂದ ಬಿಸಿಲು ಒಳಗೆ ಬರತೊಡಗಿತು ಎಂದಷ್ಟೇ ಹೇಳಬಲ್ಲೆ. ಕುಲುಮೆಯ ದಿನದ ನಂತರ ನನ್ನ ಒಡಲಿನ ನಟ್ಟನಡುವೆ ಬೆಳಕು ಬಿದ್ದದ್ದು ಅಂದೇ. ಆಮೇಲೆ ನಾನು ಇಬ್ಬರಾದೆ. ಈಗ 'ನಾನು' ಎಂದರೆ ಎರಡು ಕಡೆಯಿಂದ ದನಿ ಬರುತ್ತದೆ. ಮೊದಮೊದಲು ಅದು ವಿಚಿತ್ರವೆನಿಸುತ್ತಿತ್ತು.

ಶ್ರಾವಣದ ಮೊದಲ ಸೋಮವಾರ ಓಣಿ ಮತ್ತೆ ಸೇರಿತು. ಈ ಸಲ ಯಾರೂ ಚೇಷ್ಟೆ ಮಾಡಲಿಲ್ಲ. ರೇಣವ್ವ ಕ್ಲಚ್ಚು ಬಿಟ್ಟಳು. ಗಾಲಿಗಳು ನೆಲವನ್ನು ಒದ್ದವು. ಒದೆತ ಅಚ್ಚಿಗೆ ಬಂತು, ಅಚ್ಚಿನಿಂದ ನನ್ನ ಎರಡೂ ಮೈಗಳಿಗೆ ಬಂತು. ನಾನು ಎರಡೂ ಹೆಗಲುಗಳನ್ನು ಕೊಟ್ಟೆ.

ಕಾರು ಹೊರಟಿತು.

ಒಂದು ಮಾರು, ಎರಡು ಮಾರು, ಬೇವಿನ ಮರ ದಾಟಿತು, ಚಹಾದಂಗಡಿ ದಾಟಿತು. ಹಿಂದೆ ಬುಡನ್‌ಸಾಬರು ಓಡಿ ಬರುತ್ತಿದ್ದರು, ಒಂದು ಚಪ್ಪಲಿ ಕಳೆದುಕೊಂಡು. ನನ್ನ ಎರಡು ತೋಳುಗಳ ನಡುವೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಹೊಸ ಶಾಫ್ಟು ಬಿಸಿಲಿನಲ್ಲಿ ತಿರುಗುತ್ತಿತ್ತು. ವೇಗ ಹೆಚ್ಚಿದಂತೆ ಅದು ತಿರುಗುವುದೇ ಕಾಣದಾಯಿತು. ಬೆಳಕಿನ ಒಂದು ಗೆರೆ ನಿಶ್ಚಲವಾಗಿ ನಿಂತಂತೆ. ಎಂಬತ್ತು ವರ್ಷ ನನ್ನ ಕತ್ತಲಿನಲ್ಲಿ ನಡೆಯುತ್ತಿದ್ದುದು ಇದೇ. ಅಪ್ಪಿಕೊಂಡಿದ್ದೆ, ನೋಡಿರಲಿಲ್ಲ. ಆ ಕ್ಷಣದಲ್ಲಿ ಯಾರಾದರೂ ಏನು ಬೇಕೆಂದು ಕೇಳಿದ್ದರೆ ಏನೂ ಬೇಡ ಎನ್ನುತ್ತಿದ್ದೆ.

ಹಳೆಯ ಒಳಗಿನವನು ಈಗ ಬುಡನ್‌ಸಾಬರ ಗ್ಯಾರೇಜಿನಲ್ಲಿದ್ದಾನೆ. ಲಾರಿಗಳ ಟೈರು ಎತ್ತಲು ಹಾರೆಯಾಗಿದ್ದಾನೆ. ತಿರುಗಿ ತಿರುಗಿ ದಣಿದವನು ಈಗ ನಿಂತು ಎತ್ತುತ್ತಾನೆ. ನಾವು ಆ ದಾರಿಯಲ್ಲಿ ಹೋದಾಗ ಅವನು ಗೋಡೆಗೆ ಒರಗಿಕೊಂಡಿರುವುದು ಕಾಣುತ್ತದೆ. ಹೊಳಪು ಮಾಸಿದೆ.

ನನಗೂ ವಯಸ್ಸಾಗಿದೆ. ಬೆಸುಗೆಯ ಅಂಚಿನಲ್ಲಿ ತುಕ್ಕು ಹಿಡಿಯುತ್ತಿದೆ. ರಬ್ಬರನ್ನು ಎರಡು ಸಲ ಬದಲಿಸಿದ್ದಾರೆ. ಒಂದು ದಿನ ನಾನೂ ಗುಜರಿಯ ತಕ್ಕಡಿಯ ಮೇಲೆ ಕೂರುತ್ತೇನೆ, ಅಲ್ಲಿಂದ ಮತ್ತೆ ಕುಲುಮೆಗೆ. ಹೆದರಿಕೆಯೇನಿಲ್ಲ, ಬೆಳಕು ನನಗೆ ಹೊಸದಲ್ಲ. ಹೆದರಿದ್ದು ಒಂದೇ ಒಂದು ದಿನ. ಅದನ್ನು ಹೇಳಿ ಮುಗಿಸುತ್ತೇನೆ.

ಓಡತೊಡಗಿದ ಎರಡನೆಯ ವರ್ಷ, ಶ್ರಾವಣದಲ್ಲೇ, ಬೆಟಗೇರಿಯ ಒಂದು ಓಣಿಯಲ್ಲಿ ಕಾರು ನಿಂತಿತ್ತು. ಒಳಗೆ ಮದುಮಗಳು ಕೂತಾ‌ಗಿತ್ತು. ಕಾಯಿ ಒಡೆದಾಗಿತ್ತು. ಆಗ ಒಂದು ಟೆಂಪೊ ಬಂದು ಹಿಂದೆ ನಿಂತಿತು. ನೆಲದ ಪರಿಚಯವಿಲ್ಲದ ಆ ಬೂಟುಗಳು ಕೆಳಗಿಳಿದವು.

"ಅಕ್ಕಾರ, ಮನಿಗೆ ಹೋಗಿದ್ದೆ. ಇಲ್ಲಿದ್ದೀರಿ ಅಂದ್ರು," ಎಂದರು ಗಲಗಲಿ ಸಾಹುಕಾರರು. "ಒಂದು ವಸ್ತು ತಂದೀನಿ. ನೋಡ್ರಿ ಮೊದಲ."

ಟೆಂಪೊದಿಂದ ಉದ್ದನೆಯ ಮರದ ಪೆಟ್ಟಿಗೆಯನ್ನು ಇಳಿಸಿ ಮುಚ್ಚಳ ತೆಗೆದರು. ಮೇಣದ ಕಾಗದ ಬಿಚ್ಚಿದರು. ಒಳಗೆ ಪೂರ್ತಿ ಹಿಂದಿನ ಅಚ್ಚು, ಮತ್ತು ಅದರ ಮೇಲೆ ನಾನು. ಹೌದು, ನಾನೇ. ಐದಡಿ ಉದ್ದ, ಒಂದೇ ತುಂಡು, ಕಪ್ಪಗೆ ಹೊಳೆಯುವ ಹೊಸ ಬಣ್ಣ. ಅದೇ ಕುಲುಮೆಯಲ್ಲಿ ಹುಟ್ಟಿ, ಎಲ್ಲೋ ಗೋದಾಮಿನಲ್ಲಿ ಎಂಬತ್ತು ವರ್ಷ ಮಲಗಿದ್ದ ನನ್ನ ತಮ್ಮ. ಅವನ ಗುಂಡನೆಯ ತಲೆಯ ಮೇಲೆ ಒಂದು ಗೀರೂ ಇರಲಿಲ್ಲ. ಅವನು ಯಾರನ್ನೂ ಎಲ್ಲಿಗೂ ನೂಕಿರಲಿಲ್ಲ. ನನ್ನ ಎರಡೂ ಮೈಗಳು ತಣ್ಣಗಾದವು.

"ಕಡಲಾಚಿಂದ ತರಿಸೀನಿ. ನಿಮ್ಮ ಕಡೆಯಿಂದ ಏನೂ ಬ್ಯಾಡ. ನಮ್ಮ ಮಂದೀನ ಬಂದು ಕೂರಸ್ತಾರ. ಆ ಬೆಸಿಗಿ ಹಾಕಿದ ಪೈಪು ಕಿತ್ತು ಒಗದ್ರ ಗಾಡಿ ಮತ್ತ ಅಸಲ್ ಆಗ್ತೈತಿ. ಗಾಡಿ ನಿಮ್ಮದ, ಹೆಸರೂ ನಿಮ್ಮದ. ನಮ್ಮ ಗಾಜಿನ ಹಾಲಿನಾಗ ನಿಂದರ್ತೈತಿ ಅಷ್ಟ. ವರ್ಷಕ್ಕ ಒಮ್ಮೆ ಪ್ರದರ್ಶನದ ದಿನ ನೀವ ಬಂದು ಹೊಡೀರಿ, ಹಾರ ಹಾಕಿಸ್ತೀನಿ. ಇಂಥಾ ಓಣ್ಯಾಗ, ಈ ತಗ್ಗು ದಿಣ್ಣ್ಯಾಗ ಇದನ್ನ ಸವಸಬ್ಯಾಡ್ರಿ. ನೋಡಾಕ ಸಂಕಟ ಆಗ್ತೈತಿ ನನಗ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿ ಸಂಕಟವಾಗುತ್ತಿತ್ತು. ದನಿಯಲ್ಲಿ ಅದು ಕೇಳುತ್ತಿತ್ತು. ಓಣಿಯವರು ಪೆಟ್ಟಿಗೆಯ ಸುತ್ತ ನಿಂತು ಬಾಯಿಬಿಟ್ಟು ನೋಡುತ್ತಿದ್ದರು. "ಪುಕ್ಕಟೆ ಅಂತ ನೋಡಬೇ ರೇಣವ್ವಾ," ಎಂದು ಒಬ್ಬಳು ಪಿಸುಗುಟ್ಟಿದಳು. ಕಾರಿನ ಒಳಗಿನಿಂದ ಮದುಮಗಳು ಮೂಗು ಒರೆಸಿಕೊಳ್ಳುವ ಸದ್ದು ಬಂತು.

ರೇಣವ್ವ ಪೆಟ್ಟಿಗೆಯ ಬಳಿ ಬಂದು ಬಗ್ಗಿದಳು. ತಮ್ಮನ ನುಣುಪಾದ ತಲೆಯನ್ನು ಒಂದು ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಹತ್ತಿದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ಪಾದಗಳು ಒಂದು ಕ್ಷಣ ನೆಲದ ಮೇಲೆ ತಡೆದವು. ಆಮೇಲೆ ಅವು ಡ್ರೈವರನ ಬಾಗಿಲಿನ ಕಡೆಗೆ ನಡೆದವು, ಮೇಲೆ ಹೋದವು. ಎಂಜಿನ್ ಚಾಲೂ ಆಯಿತು. ಕಿಟಕಿಯ ಹತ್ತಿರ ಬಂದು ಸಾಹುಕಾರರು, "ಏನಂತೀರಿ ಅಕ್ಕಾರ?" ಎಂದು ಕೇಳಿದರು.

"ಒಲ್ಲೆ," ಎಂದಳು ರೇಣವ್ವ.